ಕಾರಿಗಿಂತ ಮೊದಲು ಚಾರ್ಜರ್ ನೋಡಿ

ಚಾರ್ಜರಿನ ಹಸಿರು ದೀಪ ಹೊತ್ತಿತ್ತು. ಮಗನ ರಿಮೋಟ್ ಕಾರಿನ ಎರಡು ಸೆಲ್ಲಿನ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ತುಂಬಿದೆ ಎಂದು ಅದರ ಅರ್ಥ. ಮಲ್ಟಿಮೀಟರಿನ ಕಡ್ಡಿಗಳನ್ನು ಬ್ಯಾಟರಿಯ ದಪ್ಪ ತಂತಿಗಳಿಗೆ ಹಿಡಿದೆ: 8.40 ವೋಲ್ಟ್. ಸರಿಯಾಗಿಯೇ ಇದೆ. ಆದರೆ ಬ್ಯಾಟರಿಯ ಒಂದು ಮಗ್ಗುಲು ಬೆರಳಿಗೆ ಉಬ್ಬಿದಂತೆ ತಾಗುತ್ತಿತ್ತು. ಮನಸ್ಸು ಒಪ್ಪಲಿಲ್ಲ. ಪಕ್ಕದಲ್ಲಿ ಜೋತಾಡುವ ಮೂರು ತೆಳು ತಂತಿಯ ಬಿಳಿ ಪ್ಲಗ್ಗಿಗೂ ಕಡ್ಡಿ ಹಿಡಿದು ನೋಡಿದೆ. ಕಪ್ಪು ತಂತಿಗೂ ನಡುವಿನದಕ್ಕೂ 4.29. ನಡುವಿನದಕ್ಕೂ ಕೆಂಪಿಗೂ 4.11. ಕೂಡಿದರೆ ಅದೇ 8.40.

ಲಿಪೊ ಸೆಲ್ ಒಂದಕ್ಕೆ 4.20 ವೋಲ್ಟ್ ಆದರೆ ಹೊಟ್ಟೆ ತುಂಬಿದ ಲೆಕ್ಕ. ಅದಕ್ಕಿಂತ ಮೇಲೆ ತುಂಬುತ್ತ ಹೋದರೆ ಒಳಗಿನ ರಾಸಾಯನಿಕ ಒಡೆದು ಅನಿಲವಾಗುತ್ತದೆ, ಮೆತ್ತನೆಯ ಹೊದಿಕೆ ಪೂರಿಯಂತೆ ಉಬ್ಬುತ್ತದೆ, ಕೈಮೀರಿದರೆ ಬೆಂಕಿ ಹತ್ತುತ್ತದೆ. ಬ್ಯಾಟರಿ ಹಳತಾದ ಹಾಗೆ ಒಂದೊಂದು ಸೆಲ್ಲಿನ ತಾಕತ್ತು ಒಂದೊಂದು ಥರ ಆಗುವುದು ಸಹಜ. ಜೋಡೆತ್ತಿನಲ್ಲಿ ಒಂದು ಸೊರಗಿದರೆ ನೊಗ ವಾಲುವುದಿಲ್ಲವೆ, ಹಾಗೆ. ನನ್ನ ಆ ಹೆಸರಿಲ್ಲದ ಚಾರ್ಜರ್ ದಪ್ಪ ತಂತಿಗಳ ಒಟ್ಟು ಮೊತ್ತವನ್ನಷ್ಟೇ ನೋಡುತ್ತಿತ್ತು. ನೊಗದ ಕೆಳಗೆ ಯಾವ ಎತ್ತಿಗೆ ಏನಾಗಿದೆ ಎಂಬುದು ಅದಕ್ಕೆ ಕಾಣುವಂತೆಯೇ ಇರಲಿಲ್ಲ.

ಬಿಳಿ ಪ್ಲಗ್ ಇರುವುದೇ ಅದಕ್ಕೆ. ಬ್ಯಾಲೆನ್ಸ್ ಚಾರ್ಜರ್ ಅದರ ಮೂಲಕ ಪ್ರತಿ ಸೆಲ್ಲನ್ನೂ ಬೇರೆಬೇರೆಯಾಗಿ ಅಳೆಯುತ್ತದೆ. ಮುಂದೆ ಓಡುತ್ತಿರುವ ಸೆಲ್ಲಿನಿಂದ ಒಂದಿಷ್ಟು ಕರೆಂಟನ್ನು ಸೋರಿಸಿ, ಹಿಂದೆ ಬಿದ್ದದ್ದು ಬಂದು ಸೇರುವಂತೆ ಮಾಡುತ್ತದೆ. ಕಡಿಮೆ ದುಡ್ಡಿನಲ್ಲಿ ಚಾರ್ಜರ್ ಹುಡುಕುವವರಿಗೆ ನಾನು ಹೇಳುವುದು ಇಷ್ಟೇ: ಇರುವ ದುಡ್ಡನ್ನು ಈ ಅಳತೆಗೆ ಹಾಕಿ. ವೇಗ, ಬಣ್ಣದ ಪರದೆ, ದೊಡ್ಡ ದೊಡ್ಡ ವ್ಯಾಟ್ ಎಲ್ಲ ಆಮೇಲಿನ ಮಾತು.

ವ್ಯಾಟ್ ಎಷ್ಟು ಬೇಕೆಂದು ತಿಳಿಯಲು ಗುಣಾಕಾರ ಬಂದರೆ ಸಾಕು. ಬ್ಯಾಟರಿ ಎಷ್ಟು ಆಂಪ್‌–ಗಂಟೆಯದೋ ಅಷ್ಟೇ ಆಂಪ್‌ನಲ್ಲಿ ಚಾರ್ಜ್ ಮಾಡುವುದು ರೂಢಿ. ಈ ಹವ್ಯಾಸದವರು ಇದನ್ನು ಒಂದು ಸಿ ಎನ್ನುತ್ತಾರೆ. 1500 ಎಂಎಎಚ್ ಬ್ಯಾಟರಿಗೆ 1.5 ಆಂಪ್, 5000ದ್ದಕ್ಕೆ 5 ಆಂಪ್. ಎರಡು ಸೆಲ್ ತುಂಬಿದಾಗ 8.4 ವೋಲ್ಟ್. ಐದರಿಂದ ಗುಣಿಸಿದರೆ 42 ವ್ಯಾಟ್. ಅಂದರೆ 50 ವ್ಯಾಟಿನ ಚಾರ್ಜರ್ ದೊಡ್ಡ ಎರಡು ಸೆಲ್ ಬ್ಯಾಟರಿಯನ್ನೂ ಗಂಟೆಯ ಮೇಲೊಂದಿಷ್ಟು ಹೊತ್ತಿನಲ್ಲಿ ತುಂಬಿಸುತ್ತದೆ. ಅದೇ 5000ದ ಮೂರು ಸೆಲ್ ಬ್ಯಾಟರಿಗೆ ಲೆಕ್ಕದಂತೆ 63 ವ್ಯಾಟ್ ಬೇಕು. 50 ವ್ಯಾಟಿನದು ಅಲ್ಲಿ 4 ಆಂಪ್‌ಗೆ ಇಳಿಯುತ್ತದೆ, ಕಾಲು ಗಂಟೆ ಹೆಚ್ಚು ಹಿಡಿಯುತ್ತದೆ, ಅಷ್ಟೇ. ಇನ್ನೂರು ವ್ಯಾಟ್ ಎಂಬ ದೊಡ್ಡ ಅಕ್ಷರ ನೋಡಿ ಸಾವಿರಗಟ್ಟಲೆ ಹೆಚ್ಚು ಸುರಿಯುವ ಮೊದಲು ಮನೆಯಲ್ಲಿರುವ ಬ್ಯಾಟರಿಯ ಮೇಲಿನ ಸಂಖ್ಯೆ ಓದಿಕೊಳ್ಳಿ.

ತೀರಾ ಅಗ್ಗಕ್ಕೆ, ಕೆಲವೇ ನೂರು ರೂಪಾಯಿಗೆ ಸಿಗುವುದು ಬಿ3 ಎಂಬ ಮಾದರಿ. ಮೂರು ದೀಪ, ಗೋಡೆಯ ಸಾಕೆಟ್ಟಿಗೆ ನೇರ ಪ್ಲಗ್. ಪರದೆಯಿಲ್ಲ, ಗುಂಡಿಯಿಲ್ಲ. ಇದು ಬಿಳಿ ಪ್ಲಗ್ಗಿನ ಮೂಲಕವೇ ಒಂದೊಂದು ಸೆಲ್ಲನ್ನೂ ಪ್ರತ್ಯೇಕವಾಗಿ ತುಂಬಿಸುವುದರಿಂದ ನನಗೆ ಇದರ ಮೇಲೆ ಗೌರವವಿದೆ. ಕರೆಂಟು ಮಾತ್ರ ಸುಮಾರು 0.8 ಆಂಪ್. 1500ರ ಪುಟ್ಟ ಬ್ಯಾಟರಿಗೆ ಎರಡು ಗಂಟೆ, ಪರವಾಗಿಲ್ಲ. 5000ದ್ದಕ್ಕೆ ಆರೇಳು ಗಂಟೆ. ಅಷ್ಟು ಹೊತ್ತು ಯಾರೂ ಪಕ್ಕದಲ್ಲಿ ಕಾವಲು ಕೂರುವುದಿಲ್ಲ, ರಾತ್ರಿ ಹಾಕಿ ಮಲಗುತ್ತಾರೆ. ಅಲ್ಲಿಂದಲೇ ಅಪಾಯ ಶುರು.

ಅದರ ಮೇಲಿನ ಮೆಟ್ಟಿಲು ಬಿ6. ಚೀನಾದ ಶೆಂಜೆನ್‌ನ ಸ್ಕೈಆರ್‌ಸಿ ಕಂಪನಿಯ ಐಮ್ಯಾಕ್ಸ್ ಬಿ6 ಎಷ್ಟು ಹೆಸರು ಮಾಡಿತೆಂದರೆ ನೀಲಿ ಡಬ್ಬಿಯ ಅದರ ನಕಲುಗಳು ಎಲ್ಲೆಡೆ ಹರಡಿವೆ. ಎರಡು ಸಾಲಿನ ಪರದೆ, ನಾಲ್ಕು ಗುಂಡಿ. ಪ್ರತಿ ಸೆಲ್ಲಿನ ವೋಲ್ಟೇಜ್ ತೋರಿಸುತ್ತದೆ, ಹಳೆಯ ಆಟಿಕೆಯ ನಿಕಲ್ ಬ್ಯಾಟರಿಗಳನ್ನೂ ತುಂಬಿಸುತ್ತದೆ. ನಕಲಿನಲ್ಲಿ ಎಲ್ಲವೂ ಕೆಟ್ಟದ್ದೇನಲ್ಲ. ಪರದೆಯ ಸಂಖ್ಯೆಗೂ ನಿಜಕ್ಕೂ ಎಷ್ಟು ಅಂತರ ಎಂಬುದೇ ಪ್ರಶ್ನೆ.

ಕರೆಂಟು ಎಲ್ಲಿಂದ ಎಂಬುದನ್ನು ಬಹಳ ಜನ ಕೊನೆಗೆ ಯೋಚಿಸುತ್ತಾರೆ. ಗೋಡೆಗೆ ನೇರ ಸಿಕ್ಕಿಸುವ ಎಸಿ ಚಾರ್ಜರ್ ಆದರೆ ತಲೆನೋವಿಲ್ಲ. ಡಿಸಿ ಮಾದರಿಗೆ ಬೇರೆ ಅಡಾಪ್ಟರ್ ಬೇಕು. ವೈಫೈ ಡಬ್ಬಿಯ 12 ವೋಲ್ಟ್ 2 ಆಂಪ್ ಅಡಾಪ್ಟರ್ ಎಂದರೆ ಬರೀ 24 ವ್ಯಾಟ್. ದೊಡ್ಡ ಬ್ಯಾಟರಿ ಹಾಕಿದೊಡನೆ ಅದು ಕೈಚೆಲ್ಲುತ್ತದೆ. ಎಲ್‌ಇಡಿ ಪಟ್ಟಿಗೆ ಹಾಕುವ 12 ವೋಲ್ಟ್ 5 ಆಂಪ್‌ನದು ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಗುತ್ತದೆ, ಅದು ಸಾಕು. ಹಳೆಯ ಲ್ಯಾಪ್‌ಟಾಪಿನ ಅಡಾಪ್ಟರ್ ಹಾಕುವ ಆಸೆಯಿದ್ದರೆ ಚಾರ್ಜರಿನ ಹೊಟ್ಟೆಯಡಿಯ ಬರಹ ಓದಿ. ಅಸಲಿ ಬಿ6ಗೆ 11ರಿಂದ 18 ವೋಲ್ಟ್ ತನಕ ಮಾತ್ರ. ಲ್ಯಾಪ್‌ಟಾಪಿನದು ಸಾಮಾನ್ಯವಾಗಿ 19ರ ಮೇಲಿರುತ್ತದೆ. ಈಚಿನ ಪುಟ್ಟ ಚಾರ್ಜರ್‌ಗಳು ಯುಎಸ್‌ಬಿ ಟೈಪ್–ಸಿ ಪವರ್ ಡೆಲಿವರಿಯಲ್ಲೂ (ಪಿಡಿ) ಓಡುತ್ತವೆ. ಆದರೆ ಮೊಬೈಲಿನ ಜೊತೆ ಬಂದ ‘65 ವ್ಯಾಟ್’ ಅಡಾಪ್ಟರ್ ಎಷ್ಟೋ ಸಲ ಆ ಶಕ್ತಿಯನ್ನು ತನ್ನದೇ ಕಂಪನಿಯ ಫೋನಿಗೆ ಮಾತ್ರ ಕೊಡುತ್ತದೆ. ಅದರ ಮೇಲೆ ಪಿಡಿ ಎಂಬ ಅಕ್ಷರವೂ 20 ವೋಲ್ಟ್ ಎಂಬ ಸಾಲೂ ಇದೆಯೇ ಹುಡುಕಿ.

ನಮ್ಮ ಮಕ್ಕಳ ಕಾರಿಗೆ ಇನ್ನೊಂದು ಸೌಲಭ್ಯ ಬೇಕೇ ಬೇಕು: ಸ್ಟೋರೇಜ್. ಭಾನುವಾರ ಬ್ಯಾಟರಿ ತುಂಬಿಸಿಟ್ಟಿರುತ್ತಾರೆ, ಮಳೆ ಬರುತ್ತದೆ; ಇಲ್ಲವೇ ಪರೀಕ್ಷೆ ಹತ್ತಿರ ಬಂತೆಂದು ಕಾರು ಅಟ್ಟ ಸೇರುತ್ತದೆ. ಪೂರ್ತಿ ತುಂಬಿದ ಲಿಪೊ ಎರಡು ತಿಂಗಳು ಹಾಗೇ ಕೂತರೆ ಸವೆಯುತ್ತದೆ, ಉಬ್ಬುತ್ತದೆ. ಖಾಲಿಯಾಗಿ ಕೂತದ್ದು 3 ವೋಲ್ಟಿನ ಕೆಳಗಿಳಿದು ಸಾಯುತ್ತದೆ. ಸ್ಟೋರೇಜ್ ಒತ್ತಿದರೆ ಚಾರ್ಜರ್ ಪ್ರತಿ ಸೆಲ್ಲನ್ನೂ 3.8 ವೋಲ್ಟಿನ ಆಸುಪಾಸು ತಂದು ನಿಲ್ಲಿಸುತ್ತದೆ. ಹೊಸ ಬ್ಯಾಟರಿಯ ಬೆಲೆ ನೋಡಿದರೆ ಈ ಒಂದು ಗುಂಡಿಯಿಂದಲೇ ಚಾರ್ಜರಿನ ದುಡ್ಡು ಹುಟ್ಟುತ್ತದೆ. ತುಂಬಿದ್ದನ್ನು ಇಳಿಸುವಾಗ ಮಾತ್ರ ಸಣ್ಣ ಚಾರ್ಜರ್‌ಗಳು ಬಲು ನಿಧಾನ. 5 ವ್ಯಾಟ್‌ನಲ್ಲಿ ಇಳಿಸುವ ಬಿ6ಗೆ 5000ದ ಎರಡು ಸೆಲ್ ಬ್ಯಾಟರಿಯನ್ನು ಅರ್ಧ ಮಾಡಲು ನಾಲ್ಕು ಗಂಟೆ ಬೇಕು. ಅದಕ್ಕಿಂತ ಮಗುವಿಗೆ ಹತ್ತು ನಿಮಿಷ ಕಾರು ಓಡಿಸಲು ಬಿಡುವುದು ವಾಸಿ.

ಮನೆಗೆ ತಂದ ಮೇಲೆ ಎಡವುವುದು ಹೆಚ್ಚಾಗಿ ಮೆನುವಿನಲ್ಲಿ. ಮಾಮೂಲಿ ಲಿಪೊಗೆ ಎಲ್‌ಐಎಚ್‌ವಿ (ಹೆಚ್ಚು ವೋಲ್ಟೇಜಿನ ಲಿಪೊ ವಿಧಾನ) ಆರಿಸಿದರೆ ಸೆಲ್ 4.35ರ ತನಕ ಏರುತ್ತದೆ. ನಿಕಲ್ ಬ್ಯಾಟರಿಯ ವಿಧಾನದಲ್ಲಿ ಹಾಕಿದರಂತೂ ಲಿಪೊದಲ್ಲಿ ಎಂದೂ ಬಾರದ ಒಂದು ವೋಲ್ಟೇಜ್ ಇಳಿತಕ್ಕಾಗಿ ಚಾರ್ಜರ್ ಕಾಯುತ್ತ ತುಂಬುತ್ತಲೇ ಹೋಗುತ್ತದೆ. ಸತ್ತ ಲಿಪೊವನ್ನು ಹೀಗೆ ‘ಎಬ್ಬಿಸುವ’ ಉಪಾಯ ಯಾರಾದರೂ ಹೇಳಿಕೊಟ್ಟರೆ ದಯವಿಟ್ಟು ಮಾಡಬೇಡಿ. ಓಡಿ ಬಂದ ಬ್ಯಾಟರಿ ತಣ್ಣಗಾಗಲಿ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಇನ್ನೂ ಸ್ವಲ್ಪ ಹೊತ್ತು ಕಾಯಿರಿ. ಚಾರ್ಜ್ ಮಾಡುವ ಜಾಗ ಹಾಸಿಗೆಯೂ ಅಲ್ಲ, ಸೋಫಾವೂ ಅಲ್ಲ. ನಮ್ಮಲ್ಲಿ ಬಾಲ್ಕನಿಯ ಕಡಪ ಕಲ್ಲಿನ ಮೇಲೆ ಒಂದು ಖಾಲಿ ಮಣ್ಣಿನ ಕುಂಡವಿದೆ, ಬ್ಯಾಟರಿ ಅದರೊಳಗೆ. ಆಗ ಮನೆಯಲ್ಲಿ ದೊಡ್ಡವರೊಬ್ಬರು ಎಚ್ಚರವಾಗಿರಲೇಬೇಕು.

ಅಂಗಡಿಯಲ್ಲಿ ಕೊಳ್ಳುವವರು ನಿಮ್ಮ ಬ್ಯಾಟರಿಯನ್ನೂ ಮಲ್ಟಿಮೀಟರನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಕಾರಿನ ಪ್ಲಗ್ ಟಿ ಮಾದರಿಯದೋ, ಹಳದಿ ಎಕ್ಸ್‌ಟಿ60 ಆಗಿದೆಯೋ ನೋಡಿ, ಹೊಂದುವ ತಂತಿಯನ್ನೂ ಕೇಳಿ. ಚಾರ್ಜರ್ ಹಚ್ಚಿಸಿ, ಬಿಳಿ ಪ್ಲಗ್ ಸಿಕ್ಕಿಸಿ, ಪರದೆಯ ಮೇಲೆ ಸೆಲ್ಲುಗಳ ವೋಲ್ಟೇಜ್ ಬರಿಸಿ. ಬ್ಯಾಟರಿ ಬಿಚ್ಚಿ ಅದೇ ಸೆಲ್ಲುಗಳನ್ನು ಮೀಟರಿನಲ್ಲಿ ಅಳೆಯಿರಿ; ಎರಡು ಕಡ್ಡಿಗಳ ತುದಿ ಒಂದಕ್ಕೊಂದು ತಾಗದಂತೆ ಜೋಪಾನ. ಅಂತರ 0.02 ವೋಲ್ಟಿನೊಳಗಿದ್ದರೆ ಬಿಲ್ ಹಾಕಿಸಿ. 0.05 ಬಂದರೆ ಅದೇ ಮಾದರಿಯ ಇನ್ನೊಂದನ್ನು ತೆಗೆಸಿ ನೋಡಿ. ಆನ್‌ಲೈನಿನಲ್ಲಿ ತರಿಸಿದವರು ಇದೇ ಪರೀಕ್ಷೆಯನ್ನು ಪಾರ್ಸೆಲ್ ಬಿಚ್ಚಿದ ದಿನವೇ ಮಾಡಿ, ವಾಪಸು ಕಳಿಸುವ ಗಡುವು ಮುಗಿಯುವ ಮುನ್ನ.