ಪರದೆಯಿಲ್ಲದ ಗಣಕದೊಳಗಿನ ಚಿತ್ರ

ಚಿತ್ರವನ್ನು ಬರೆಯಬೇಕಾದರೆ ಗೋಡೆಯೋ ಕಾಗದವೋ ಬೇಕಷ್ಟೆ. ಗಣಕಯಂತ್ರಕ್ಕೆ ಈ ನಿರ್ಬಂಧವಿಲ್ಲ. ಅದರ ಪರದೆಯ ಮೇಲೆ ನಾವು ಕಾಣುವ ಚಿತ್ರವು ಮೊದಲು ಅದರ ಸ್ಮೃತಿಯಲ್ಲಿ ಅಂಕೆಗಳ ರೂಪದಲ್ಲಿ ಸಿದ್ಧವಾಗುತ್ತದೆ. ಆ ಅಂಕೆಗಳನ್ನು ಬೆಳಕಾಗಿ ಮಾರ್ಪಡಿಸುವುದಷ್ಟೇ ಪರದೆಯ ಕೆಲಸ. ಹಾಗಾದರೆ ಪರದೆಯನ್ನೇ ತೆಗೆದುಬಿಟ್ಟರೆ ಚಿತ್ರಕ್ಕೇನಾಗುವುದು? ಏನೂ ಆಗದು.

ಈ ಸಂಗತಿಯ ಉಪಯೋಗವನ್ನು ತಿಳಿಯಲು, ರೈಲಿನ ಟಿಕೆಟನ್ನು ಕಾದಿರಿಸುವ ಒಂದು ಜಾಲತಾಣವನ್ನು ಊಹಿಸಿಕೊಳ್ಳೋಣ. ಅದರಲ್ಲಿ ಆಗಾಗ್ಗೆ ತಿದ್ದುಪಡಿಗಳು ನಡೆಯುತ್ತಲೇ ಇರುತ್ತವೆ. ಪ್ರತಿಸಲವೂ ಮನುಷ್ಯರೇ ಕುಳಿತು ಎಲ್ಲ ಭಾಗಗಳನ್ನೂ ಪರೀಕ್ಷಿಸುವುದು ಆಗದ ಮಾತು. ಆದುದರಿಂದ ಬ್ರೌಸರನ್ನು ತೆರೆದು, ಹೆಸರನ್ನು ತುಂಬಿ, ಗುಂಡಿಯನ್ನೊತ್ತುವ ಕೆಲಸವನ್ನು ಒಂದು ಪ್ರೋಗ್ರಾಮಿಗೆ ವಹಿಸುತ್ತಾರೆ. ಇಂತಹ ಸಾಧನಗಳಲ್ಲಿ ಪ್ರಸಿದ್ಧವಾದ ಸೆಲೆನಿಯಮನ್ನು 2004ರಲ್ಲಿ ಶಿಕಾಗೋ ನಗರದಲ್ಲಿ ಜೇಸನ್ ಹಗ್ಗಿನ್ಸ್ ಎಂಬವರು ಆರಂಭಿಸಿದರು. (ಮರ್ಕ್ಯುರಿ ಎಂಬ ಹೆಸರಿನ ಪ್ರತಿಸ್ಪರ್ಧಿ ಕಂಪನಿಯೊಂದಿತ್ತು, ಪಾದರಸದ ವಿಷಕ್ಕೆ ಸೆಲೆನಿಯಮ್ ಮದ್ದೆಂಬ ಮಾತನ್ನು ಹಿಡಿದು ವಿನೋದಕ್ಕಾಗಿ ಇಟ್ಟ ಹೆಸರಿದು.)

ಈ ಪರೀಕ್ಷೆಗಳು ನಡೆಯುವ ಗಣಕಗಳು ಸಾಮಾನ್ಯವಾಗಿ ದೂರದಲ್ಲೆಲ್ಲೋ ಇರುತ್ತವೆ, ಅವಕ್ಕೆ ಪರದೆಯಿಲ್ಲ. ಬ್ರೌಸರಿಗಾದರೋ ಚಿತ್ರ ಬರೆಯಲು ಸ್ಥಳ ಬೇಕು. ಲಿನಕ್ಸ್ ಗಣಕಗಳಲ್ಲಿ ಬಹುಕಾಲದಿಂದ ಈ ಸ್ಥಳವನ್ನು ಒದಗಿಸುತ್ತ ಬಂದಿರುವುದು 1984ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಹುಟ್ಟಿದ ‘ಎಕ್ಸ್’ ವ್ಯವಸ್ಥೆ. ಅದರ ಒಂದು ರೂಪವಾದ ಎಕ್ಸ್‌ವಿಎಫ್‌ಬಿಯು ಬ್ರೌಸರು ಹೇಳಿದುದನ್ನೆಲ್ಲ ಸ್ಮೃತಿಯಲ್ಲಿಯೇ ಬರೆದಿಡುತ್ತದೆ. ಪರದೆ ಇಲ್ಲವೆಂಬುದು ಬ್ರೌಸರಿಗೆ ತಿಳಿಯುವುದೇ ಇಲ್ಲ. 2017ರಿಂದ ಕ್ರೋಮ್ ಬ್ರೌಸರು ಇದರ ನೆರವಿಲ್ಲದೆಯೂ ಪರದೆರಹಿತವಾಗಿ ನಡೆಯಬಲ್ಲದು. ಆದರೂ ಹಳೆಯ ಕ್ರಮ ಅಳಿದಿಲ್ಲ.

ಈಗ ಪರೀಕ್ಷೆಯೊಂದು ವಿಫಲವಾಯಿತೆನ್ನಿ. ‘ಗುಂಡಿಯನ್ನು ಒತ್ತಲಾಗಲಿಲ್ಲ’ ಎಂದು ವರದಿ ಬರುತ್ತದೆ. ಏಕೆ? ಕಣ್ಣಾರೆ ನೋಡಿದರೆ ಉತ್ತರ ಕ್ಷಣದಲ್ಲಿ ಹೊಳೆಯಬಹುದು: ಯಾವುದೋ ಪ್ರಕಟಣೆಯ ಚೌಕವು ಕೆಳಗಿನಿಂದೆದ್ದು ಗುಂಡಿಯನ್ನು ಮುಚ್ಚಿಬಿಟ್ಟಿದೆ. ಚಿಕ್ಕ ಪರದೆಯುಳ್ಳ ಪ್ರಯಾಣಿಕನಿಗೂ ಇದೇ ಗತಿ; ಅವನಿಗೆ ಟಿಕೆಟೇ ಸಿಕ್ಕದು.

ಹೀಗೆ ದೂರದಿಂದ ನೋಡುವ ಉಪಾಯ ವಿಎನ್‌ಸಿ. 1990ರ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಆಲಿವೆಟ್ಟಿ ಕಂಪನಿಯ ಸಂಶೋಧನಾಲಯದಲ್ಲಿ ಇದು ರೂಪುಗೊಂಡಿತು. ಅಲ್ಲಿನವರ ಜಾಣ್ಮೆಯನ್ನು ಅರಿಯಲು ಸ್ವಲ್ಪ ಲೆಕ್ಕ ಮಾಡಬೇಕು. ಅಡ್ಡಕ್ಕೆ 1280, ಉದ್ದಕ್ಕೆ 1024 ಬಿಂದುಗಳುಳ್ಳ ಚಿತ್ರದಲ್ಲಿ 13,10,720 ಬಿಂದುಗಳಿವೆ. ಬಿಂದುವೊಂದಕ್ಕೆ 4 ಬೈಟುಗಳಂತೆ 52,42,880 ಬೈಟುಗಳು. ಸೆಕೆಂಡಿಗೆ 30 ಸಲ ಇದನ್ನು ಕಳುಹಿಸುವುದಾದರೆ ಸುಮಾರು 15 ಕೋಟಿ 70 ಲಕ್ಷ ಬೈಟುಗಳಾದವು! ಸಾಧಾರಣ ತಂತಿಗಳು ಇದನ್ನು ಹೊರಲಾರವು. ಆದುದರಿಂದ ವಿಎನ್‌ಸಿಯು ಬದಲಾದ ಆಯತಗಳನ್ನಷ್ಟೇ ಕಳುಹಿಸುತ್ತದೆ. ಚಿತ್ರದ ಒಂದು ಭಾಗವು ಇದ್ದಹಾಗೆಯೇ ಪಕ್ಕಕ್ಕೆ ಸರಿದಿದ್ದರೆ ಅದನ್ನು ಮತ್ತೆ ಕಳುಹಿಸಬೇಕಾಗಿಯೇ ಇಲ್ಲ: ‘ಅಲ್ಲಿದ್ದುದನ್ನು ಇಲ್ಲಿಗೆ ನಕಲು ಮಾಡಿಕೊ’ ಎಂಬ ಸೂಚನೆ ಸಾಕು. ಎಷ್ಟೇ ದೊಡ್ಡ ಆಯತವಿರಲಿ, ಆ ಸೂಚನೆಗೆ ಬೇಕಾದುದು 16 ಬೈಟುಗಳು ಮಾತ್ರ. ಮೇಲಾಗಿ, ನೋಡುವ ಗಣಕವು ಕೇಳಿದಾಗಲೇ ಮುಂದಿನ ಚಿತ್ರ ಬರುವುದು. ತಂತಿ ನಿಧಾನವಾದರೆ ನಡುವಿನ ಚಿತ್ರಗಳು ತಪ್ಪುತ್ತವೆಯೇ ಹೊರತು ಹಿಂದೆ ರಾಶಿ ಬೀಳುವುದಿಲ್ಲ.

ಇಲ್ಲಿ ಒಂದು ಅಪಾಯವೂ ಉಂಟು. ಈ ಕಿಟಕಿಯಿಂದ ನೋಡುವುದಷ್ಟೇ ಅಲ್ಲ, ಒಳಗೆ ಕೈಯನ್ನೂ ಹಾಕಬಹುದು. ವಿಎನ್‌ಸಿಯ ಹಳೆಯ ಪದ್ಧತಿಯಲ್ಲಿ ಗುಪ್ತಪದದ ಮೊದಲ 8 ಅಕ್ಷರಗಳಷ್ಟೇ ಲೆಕ್ಕಕ್ಕೆ ಬರುತ್ತವೆ. ಚಿತ್ರವು ಗೂಢಲಿಪಿಯಿಲ್ಲದೆ ಬಯಲಿನಲ್ಲಿ ಸಾಗುತ್ತದೆ. ಅದನ್ನು ಎಸ್‌ಎಸ್‌ಎಚ್ ಎಂಬ ರಕ್ಷಿತ ಮಾರ್ಗದೊಳಗಿಂದ ಸಾಗಿಸುವುದು ಕ್ಷೇಮ.

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇನ್ನೊಂದು ಸಂಗತಿ ಸ್ವಾರಸ್ಯವಾಗಿ ತೋರೀತು. ಉಷ್ಣಮಾಪಕವನ್ನು ಅದ್ದಿದರೆ ನೀರಿನ ಉಷ್ಣತೆಯೇ ಕೊಂಚ ಬದಲಾಗುವುದಲ್ಲವೆ? ಇಲ್ಲಿಯೂ ನೋಡುಗನ ಮೌಸು ಅಕಸ್ಮಾತ್ತಾಗಿ ಅಲುಗಿದರೆ ದೂರದ ಬ್ರೌಸರಿನಲ್ಲಿ ಪಟ್ಟಿಯೊಂದು ಬಿಚ್ಚಿಕೊಂಡು, ಸರಿಯಾಗಿ ನಡೆಯುತ್ತಿದ್ದ ಪರೀಕ್ಷೆಯೇ ಕೆಡಬಹುದು. ಅದಕ್ಕೆಂದೇ ಬಹುತೇಕ ವಿಎನ್‌ಸಿ ಸಾಧನಗಳಲ್ಲಿ ‘ನೋಡಲು ಮಾತ್ರ’ ಎಂಬ ಏರ್ಪಾಡಿದೆ. ಅದನ್ನು ಆರಿಸಿಕೊಂಡರೆ ಚಿತ್ರವು ಹೊರಕ್ಕೆ ಬರುತ್ತದೆ, ಒಳಕ್ಕೆ ಏನೂ ಹೋಗುವುದಿಲ್ಲ.