ಪಾಠಾಂತರಗಳಿಗೊಂದು ಸ್ವಂತ ಮನೆ

ಗ್ರಂಥಸಂಪಾದನೆಯಲ್ಲಿ ಕೈಯಾಡಿಸಿದವರಿಗೆ ಒಂದು ಕೊರಗು ಪರಿಚಿತವಾದುದು. ಲಿಪಿಕಾರನು ಓಲೆಗರಿಯಲ್ಲಿ ಪದವೊಂದನ್ನು ಬದಲಿಸಿರುತ್ತಾನೆ. ಮೊದಲು ಅಲ್ಲಿ ಏನಿತ್ತು, ಏಕೆ ಬದಲಿಸಿದೆ ಎಂಬುದನ್ನು ಮಾತ್ರ ಹೇಳಿರುವುದಿಲ್ಲ. ಡಿ. ಎಲ್. ನರಸಿಂಹಾಚಾರ್ಯರಂಥ ವಿದ್ವಾಂಸರು ಅಷ್ಟೊಂದು ಶ್ರಮಿಸಿದ್ದು ಈ ಮೌನವನ್ನು ಒಡೆಯುವುದಕ್ಕೆ.

‘ಗಿಟ್’ ಎಂಬ ತಂತ್ರಾಂಶದಲ್ಲಿ ಈ ಕೊರಗಿಗೆ ಪರಿಹಾರವುಂಟು. ನಾವು ದಾಖಲಿಸಿದ ಪ್ರತಿಯೊಂದು ತಿದ್ದುಪಡಿಯನ್ನೂ ತಿದ್ದಿದವರ ಹೆಸರು, ವೇಳೆ, ಅವರು ಬರೆದ ಕಾರಣಗಳೊಡನೆ ಅದು ಕಾದಿರಿಸುತ್ತದೆ. ಅದು ಹುಟ್ಟಿದ ಬಗೆಯೂ ಸ್ವಾರಸ್ಯಕರ. ಲಿನಕ್ಸ್ ಕಟ್ಟುತ್ತಿದ್ದವರು ಬಿಟ್‌ಕೀಪರ್ ಎಂಬ ಪರರ ಸಲಕರಣೆಯನ್ನು ಉಚಿತವಾಗಿ ಬಳಸುತ್ತಿದ್ದರು; 2005ರಲ್ಲಿ ಆ ಸವಲತ್ತು ನಿಂತಿತು. ಲೀನಸ್ ಟೋರ್ವಾಲ್ಡ್ಸ್ ಅದೇ ವರ್ಷ ಗಿಟ್ಟನ್ನು ರಚಿಸಿದರು.

ನಾನೂ ಗಂಗೊಳ್ಳಿಯಲ್ಲಿರುವ ನನ್ನ ಹಳೆಯ ಶಿಷ್ಯರೊಬ್ಬರೂ ಕುಂದಾಪ್ರ ಕನ್ನಡದ ಪದಕೋಶವೊಂದನ್ನು ಕಟ್ಟುತ್ತಿದ್ದೇವೆ. ‘ಗಂಟಿ’ ಎಂಬುದಕ್ಕೆ ಅವರು ‘ದನ’ ಎಂದಷ್ಟೇ ಬರೆದರು. ನಾನು ‘ದನಕರು, ಎಮ್ಮೆ ಎಲ್ಲ ಸೇರಿ’ ಎಂದು ವಿಸ್ತರಿಸಿದೆ. ಎರಡು ಪಾಠಗಳೂ ಉಳಿದಿವೆ.

ದೊಡ್ಡ ಜಾಲತಾಣಗಳಲ್ಲಿಯೂ ಖಾಸಗಿ ಕೋಣೆಗಳು ದೊರೆಯುತ್ತವೆಯಲ್ಲ ಎಂದು ಕೇಳಬಹುದು. ನಿಜ. ಆದರೆ ಗೂಗಲ್ ಕೋಡ್ ಎಂಬ ತಾಣ 2016ರಲ್ಲಿ ಬಾಗಿಲು ಮುಚ್ಚಿತು. ಮೇಲಾಗಿ ನಮ್ಮ ಕೋಶದಲ್ಲಿ ಬೈಗುಳಗಳುಂಟು, ಬಾಣಂತಿಕೋಣೆಯ ಮಾತುಗಳುಂಟು. ‘ನಮ್ಮ್ ಹೆಸ್ರ್ ಹೊರಗ್ ಬಪ್ಪುಕಾಗ’ ಎಂದು ಕಟ್ಟು ಹಾಕಿಯೇ ಹೇಳಿಕೊಟ್ಟ ಹಿರಿಯ ಹೆಂಗಸರಿದ್ದಾರೆ. ಗಿಟ್‌ನಲ್ಲಿ ಇಂದು ಅಳಿಸಿದ ಹೆಸರು ನಿನ್ನೆಯ ಪಾಠದಲ್ಲಿ ಉಳಿದೇ ಇರುತ್ತದೆ; ಅದರ ಗುಣವೂ ಅದೇ, ಅಪಾಯವೂ ಅದೇ. ಆದ್ದರಿಂದ ಭಂಡಾರ ನಮ್ಮ ಮನೆಯಲ್ಲಿಯೇ ಇರಬೇಕೆಂದು ನಿಶ್ಚಯಿಸಿದೆವು.

ಅದಕ್ಕೆ ಬೇಕಾದ ಸಾಮಗ್ರಿ ಅಲ್ಪ. ಅಂಗೈಯಗಲದ ರಾಸ್ಪ್‌ಬೆರಿ ಪೈ ಎಂಬ ಗಣಕ, ಅದರಲ್ಲಿ ಲಿನಕ್ಸ್, ಗಿಟ್‌ಗೆಂದೇ ಒಂದು ಪ್ರತ್ಯೇಕ ಖಾತೆ. ಆ ಖಾತೆಯಲ್ಲಿ ‘ಬೇರ್’ ಎಂಬ ಬಗೆಯ ಭಂಡಾರವನ್ನು ತೆರೆಯಬೇಕು. ಬರೆಯುವ ಹಾಳೆಗಳು ಅದರಲ್ಲಿರುವುದಿಲ್ಲ, ಚರಿತ್ರೆ ಮಾತ್ರ. ಪ್ರವೇಶ ಎಸ್‌ಎಸ್‌ಎಚ್ ಎಂಬ ಭದ್ರವಾದ ಹಾದಿಯಿಂದ. ಇದಕ್ಕೆ ಕೀಲಿಗಳು ಎರಡು: ಒಂದು ನಮ್ಮ ನಮ್ಮ ಗಣಕದಲ್ಲಿ ಗುಟ್ಟಾಗಿರುತ್ತದೆ, ಅದರ ಜೋಡಿಯನ್ನು ಭಂಡಾರದ ಗಣಕಕ್ಕೆ ಒಪ್ಪಿಸಿರುತ್ತೇವೆ. ಗಂಗೊಳ್ಳಿಯವರು ಒಳಬರಲು ವೈರ್‌ಗಾರ್ಡ್ ಎಂಬ ಖಾಸಗಿ ಸುರಂಗವೊಂದುಂಟು. ಫೋರ್ಜೆಯೊದಂಥ ಅಂದವಾದ ಮುಖಮಂಟಪವನ್ನೂ ಕಟ್ಟಬಹುದಿತ್ತು. ಇಬ್ಬರಿರುವ ಮನೆಗೆ ಅದೇಕೆ?

ಕಷ್ಟವಿರುವುದು ಕಟ್ಟುವುದರಲ್ಲಲ್ಲ, ಕಾಯುವುದರಲ್ಲಿ. ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕೆ. ಉಪ್ಪುಗಾಳಿ ಲೋಹವನ್ನು ತಿನ್ನುತ್ತದೆ. ಮಳೆಗಾಲದಲ್ಲಿ ವಿದ್ಯುತ್ತಿನ ಭರವಸೆಯಿಲ್ಲ. ಪೂರ್ಣಪ್ರತಿ ತೆಗೆದುಕೊಂಡವರೆಲ್ಲರ ಬಳಿಯೂ ಇಡೀ ಚರಿತ್ರೆ ಇರುವುದು ಗಿಟ್‌ನ ದೊಡ್ಡ ಧೈರ್ಯ. ಆದರೂ ಗಂಗೊಳ್ಳಿಗೂ ಅದೇ ಕಡಲು, ಅದೇ ಮಳೆ. ಅದಕ್ಕಾಗಿ ಪ್ರತಿ ಭಾನುವಾರ ರಾತ್ರಿ ಮೈಸೂರಿನಲ್ಲಿರುವ ಮಗಳ ಮನೆಗೆ ಮೂರನೆಯ ಪ್ರತಿಯೊಂದು ಹೋಗುತ್ತದೆ. ಆರು ತಿಂಗಳಿಗೊಮ್ಮೆ ಅವಳು ಅದನ್ನು ಬೇರೊಂದು ಗಣಕದಲ್ಲಿ ಬಿಚ್ಚಿ, ‘ಗಂಟಿ’ಯ ಎರಡು ಪಾಠಗಳನ್ನೂ ಫೋನಿನಲ್ಲಿ ನನಗೆ ಓದಿ ಹೇಳುತ್ತಾಳೆ.