ಉರಿದ ಕೊಬ್ಬೆಲ್ಲ ಇಳಿದ ಕೊಬ್ಬಲ್ಲ

ಜಿಮ್‌ನ ಟ್ರೆಡ್‌ಮಿಲ್ ಮೇಲೆ ‘ಫ್ಯಾಟ್ ಬರ್ನಿಂಗ್ ಝೋನ್’ ಎಂಬ ಬಣ್ಣದ ಪಟ್ಟಿಯೊಂದಿರುತ್ತದೆ. ನಿಧಾನವಾಗಿ ನಡೆದರೆ ಹೃದಯಬಡಿತ ಆ ಪಟ್ಟಿಯೊಳಗಿರುತ್ತದೆ, ಓಡಿದರೆ ದಾಟುತ್ತದೆ. ದಾಟಿದರೆ ಕೊಬ್ಬು ಕರಗುವುದು ನಿಂತು ಬರೀ ಸಕ್ಕರೆ ಉರಿಯುತ್ತದೆ, ದುಡಿದದ್ದು ದಂಡ ಎಂದು ಎಷ್ಟೋ ತರಬೇತುದಾರರು ಕ್ಲೈಂಟ್‌ಗಳಿಗೆ ಹೇಳಿಕೊಡುತ್ತಾರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕಾರ್ಡಿಯೋ ಮಾಡಿದರೆ ಮಾತ್ರ ಹೊಟ್ಟೆ ಇಳಿಯುತ್ತದೆ, ರಾತ್ರಿ ಉಂಡ ಅನ್ನ ನೇರ ಕೊಬ್ಬಾಗುತ್ತದೆ ಎಂಬ ಮಾತುಗಳೂ ಇದರ ಜೊತೆಗೇ ಬರುತ್ತವೆ. ನೋಡಲು ಮೂರು ಬೇರೆ ಬೇರೆ ನಂಬಿಕೆಗಳು. ಆದರೆ ಮೂರರ ಬೇರೂ ಒಂದೇ: ಈ ಗಳಿಗೆಯಲ್ಲಿ ದೇಹ ಯಾವ ಇಂಧನ ಉರಿಸುತ್ತಿದೆಯೋ ಅದೇ ದೇಹದಿಂದ ಶಾಶ್ವತವಾಗಿ ಕಡಿಮೆಯಾಗುತ್ತದೆ ಎಂಬ ಊಹೆ. ಕೇಳಲು ಸರಿಯೆನಿಸುವ ಈ ಊಹೆಯೇ ತಪ್ಪು.

ಹಾಗೆಂದು ಪಟ್ಟಿ ಪೂರಾ ಸುಳ್ಳೇನೂ ಅಲ್ಲ. ನಾವು ಹೊರಬಿಡುವ ಇಂಗಾಲದ ಡೈಆಕ್ಸೈಡನ್ನು ಒಳಗೆಳೆದ ಆಮ್ಲಜನಕಕ್ಕೆ ಹೋಲಿಸಿದರೆ ದೇಹ ಏನನ್ನು ಉರಿಸುತ್ತಿದೆ ಎಂಬುದು ತಿಳಿಯುತ್ತದೆ. ಬರೀ ಕೊಬ್ಬು ಉರಿಯುತ್ತಿದ್ದರೆ ಆ ಅನುಪಾತ ಸುಮಾರು 0.7, ಬರೀ ಪಿಷ್ಟ ಉರಿಯುತ್ತಿದ್ದರೆ 1. ಶ್ರಮ ಹೆಚ್ಚಿದಂತೆ ಅನುಪಾತ 1ರತ್ತ ಏರುವುದು ನಿಜ. 1993ರಲ್ಲಿ ರೊಮೈನ್ ಮತ್ತು ಸಂಗಡಿಗರು ಪಳಗಿದ ಸೈಕಲ್ ಸವಾರರನ್ನು ಅವರ ಗರಿಷ್ಠ ಸಾಮರ್ಥ್ಯದ 25, 65 ಮತ್ತು 85 ಶೇಕಡಾ ಮಟ್ಟಗಳಲ್ಲಿ ಅಳೆದರು. 25ರಲ್ಲಿ ಹೆಚ್ಚುಕಡಿಮೆ ಎಲ್ಲ ಶಕ್ತಿಯೂ ಕೊಬ್ಬಿನದೇ. ಆದರೆ ನಿಮಿಷಕ್ಕೆ ಉರಿದ ಕೊಬ್ಬಿನ ಒಟ್ಟು ಮೊತ್ತ ಅತಿ ಹೆಚ್ಚಾಗಿದ್ದದ್ದು 65ರಲ್ಲಿ. 85ರಲ್ಲಿ ಅದು ಮತ್ತೆ ಇಳಿಯಿತು. ಅಂದರೆ ಪಟ್ಟಿಯ ಮೊದಲ ಎಡವಟ್ಟು ಶೇಕಡಾವಾರನ್ನೇ ಮೊತ್ತವೆಂದು ತಿಳಿದದ್ದು. ಲೆಕ್ಕಕ್ಕೆಂದು, ಒಬ್ಬರು ಒಂದು ತಾಸು ನಡೆದು 240 ಕ್ಯಾಲೊರಿ ಖರ್ಚು ಮಾಡಿ ಅದರಲ್ಲಿ ಶೇ. 60 ಕೊಬ್ಬಿನಿಂದ ಬಂತು ಎಂದಿಟ್ಟುಕೊಳ್ಳಿ: 16 ಗ್ರಾಂ ಕೊಬ್ಬು. ಅದೇ ತಾಸು ಹದವಾಗಿ ಓಡಿ 500 ಕ್ಯಾಲೊರಿ ಖರ್ಚಾಗಿ ಅದರಲ್ಲಿ ಕೊಬ್ಬಿನ ಪಾಲು ಶೇ. 40 ಮಾತ್ರ ಇದ್ದರೂ 22 ಗ್ರಾಂ. ಶೇಕಡಾವಾರನ್ನೇ ನಂಬುವುದಾದರೆ ಅತ್ಯುತ್ತಮ ವ್ಯಾಯಾಮ ಹೊದ್ದು ಮಲಗುವುದೇ ಆಗಬೇಕು. ಊಟವಾಗಿ ಬಹಳ ಹೊತ್ತಾದ ಮೇಲಿನ ವಿಶ್ರಾಂತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿ ಕೊಬ್ಬಿನಿಂದಲೇ ಬರುತ್ತದೆ.

ಈ 22 ಗ್ರಾಂ ಕಂಡು ಓಟದ ಪರ ವಾದಿಸುವವರೂ ಅದೇ ಹಳ್ಳಕ್ಕೆ ಬೀಳುತ್ತಾರೆ. ಕಾರಣ, ಆ ಒಂದು ತಾಸಿನ ಆಚೆಗೆ ಇಪ್ಪತ್ತಮೂರು ತಾಸುಗಳಿವೆ. ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಪಿಷ್ಟ ಎಲ್ಲ ಸೇರಿ ಅರ್ಧ ಕಿಲೋದ ಆಸುಪಾಸು, ಸುಮಾರು 2,000 ಕ್ಯಾಲೊರಿಯ ಸಂಗ್ರಹ. ಕೊಬ್ಬು ಹಾಗಲ್ಲ, 15 ಕಿಲೋ ಕೊಬ್ಬಿರುವ ಸಾಮಾನ್ಯ ದೇಹದಲ್ಲೂ ಲಕ್ಷ ಕ್ಯಾಲೊರಿ ಮೀರಿ ಇರುತ್ತದೆ. ಚಿಕ್ಕ ಸಂಗ್ರಹವನ್ನು ಓಡಿ ಖಾಲಿ ಮಾಡಿದರೆ ಮುಂದಿನ ಊಟದ ಪಿಷ್ಟ ಅದನ್ನು ತುಂಬಲು ಹೋಗುತ್ತದೆ, ಅಷ್ಟು ಹೊತ್ತು ದೇಹ ಕೊಬ್ಬನ್ನು ಉರಿಸಿಕೊಂಡು ನಡೆಯುತ್ತದೆ. ನಡಿಗೆಯಲ್ಲಿ ಕೊಬ್ಬು ಹೆಚ್ಚು ಉರಿಸಿದರೆ ಆಮೇಲೆ ಪಿಷ್ಟ ಹೆಚ್ಚು ಉರಿಯುತ್ತದೆ. ಇವತ್ತಿನ ಅಕ್ಕಿಯನ್ನು ಅಡುಗೆಮನೆಯ ಡಬ್ಬಿಯಿಂದ ತೆಗೆದರೇನು, ನೇರ ಕಣಜದಿಂದ ತೆಗೆದರೇನು. ಡಬ್ಬಿ ಬರಿದಾದರೆ ತುಂಬುವುದು ಕಣಜದಿಂದಲೇ. ಕಣಜ ಇಳಿಯುವುದು ಮನೆಗೆ ಬಂದದ್ದಕ್ಕಿಂತ ಮನೆಯವರು ಉಂಡದ್ದು ಹೆಚ್ಚಾದಾಗ. ಇದು ಬರೀ ತರ್ಕವಲ್ಲ. ಕೊಲರಾಡೊ ವಿಶ್ವವಿದ್ಯಾಲಯದ ಎಡ್ವರ್ಡ್ ಮೆಲನ್ಸನ್ ಮತ್ತವರ ತಂಡ ಜನರನ್ನು ಇಡೀ ದಿನ ಶಕ್ತಿಮಾಪಕ ಕೋಣೆಗಳಲ್ಲಿರಿಸಿ ಅಳೆದು 2009ರಲ್ಲಿ ಬರೆದದ್ದು ಹೀಗೆ: ವ್ಯಾಯಾಮದಲ್ಲಿ ಉರಿದಷ್ಟನ್ನು ಊಟದಲ್ಲಿ ಮರಳಿ ಕೊಟ್ಟಾಗ, 24 ತಾಸಿನ ಲೆಕ್ಕದಲ್ಲಿ ಕೊಬ್ಬಿನ ದಹನ ಹೆಚ್ಚಲಿಲ್ಲ.

ಖಾಲಿ ಹೊಟ್ಟೆಯ ಕಾರ್ಡಿಯೋಗೂ ಇದೇ ಉತ್ತರ. ತಿನ್ನದೆ ವ್ಯಾಯಾಮ ಮಾಡಿದರೆ ಆ ಹೊತ್ತಿನಲ್ಲಿ ಕೊಬ್ಬು ಹೆಚ್ಚು ಉರಿಯುವುದು ಖಂಡಿತ. 2014ರಲ್ಲಿ ಬ್ರಾಡ್ ಶೋನ್‌ಫೆಲ್ಡ್ ತಂಡ 20 ಯುವತಿಯರಲ್ಲಿ ಅರ್ಧ ಜನರಿಗೆ ತಿಂದ ಮೇಲೆ, ಅರ್ಧ ಜನರಿಗೆ ತಿನ್ನುವ ಮೊದಲು, ವಾರಕ್ಕೆ ಮೂರು ಸಲ ಒಂದೊಂದು ತಾಸು ಕಾರ್ಡಿಯೋ ಮಾಡಿಸಿತು. ಎರಡೂ ಗುಂಪಿಗೆ ಕ್ಯಾಲೊರಿ ಕಡಿತದ ಆಹಾರ. ನಾಲ್ಕು ವಾರದ ಬಳಿಕ ಎರಡೂ ಕಡೆ ತೂಕ, ಕೊಬ್ಬು ಇಳಿದಿದ್ದವು, ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಇಪ್ಪತ್ತೇ ಜನ, ನಾಲ್ಕೇ ವಾರ, ಇದೂ ಒಂದು ಪುರಾವೆಯೇ ಎಂದು ಯಾರಾದರೂ ಆಕ್ಷೇಪಿಸಿದರೆ ತಪ್ಪಲ್ಲ. ಒಂದೇ ಆಗಿದ್ದರೆ ನಾನೂ ನೆಚ್ಚುತ್ತಿರಲಿಲ್ಲ. ಅದಕ್ಕಿಂತ ಬಿಗಿಯಾದ ಪರೀಕ್ಷೆ ನಡೆದದ್ದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ. ಕೆವಿನ್ ಹಾಲ್ ಅವರ 2015ರ ಅಧ್ಯಯನದಲ್ಲಿ ಬೊಜ್ಜಿದ್ದ 19 ಜನರನ್ನು ಆಸ್ಪತ್ರೆಯ ವಾರ್ಡಿನಲ್ಲೇ ಇರಿಸಿ, ತುತ್ತು ತುತ್ತನ್ನೂ ಅಳೆದು, ಒಮ್ಮೆ ಪಿಷ್ಟದಿಂದ ಇನ್ನೊಮ್ಮೆ ಜಿಡ್ಡಿನಿಂದ ಶೇ. 30ರಷ್ಟು ಕ್ಯಾಲೊರಿ ಕಡಿತ ಮಾಡಲಾಯಿತು. ಪಿಷ್ಟ ಕಡಿಮೆಯಾದಾಗ ಕೊಬ್ಬು ಉರಿಯುವ ಪ್ರಮಾಣ ಏರಿತು, ಜಿಡ್ಡು ಕಡಿಮೆಯಾದಾಗ ಏರಲೇ ಇಲ್ಲ. ದೇಹದಿಂದ ಇಳಿದ ಕೊಬ್ಬು? ಮೊದಲನೆಯದರಲ್ಲಿ ದಿನಕ್ಕೆ 53 ಗ್ರಾಂ, ಎರಡನೆಯದರಲ್ಲಿ 89 ಗ್ರಾಂ. ಹೆಚ್ಚು ಉರಿಸಿದಾಗಲೇ ಕಡಿಮೆ ಕಳೆದುಕೊಂಡರು. ಇದು ಆರು ದಿನದ ಪ್ರಯೋಗ, ಇದನ್ನು ಹಿಡಿದು ಜಿಡ್ಡು ಬಿಡುವುದೇ ಮೇಲು ಎಂದು ಘೋಷಿಸುವುದೂ ಆತುರವೇ. 2018ರಲ್ಲಿ ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟೋಫರ್ ಗಾರ್ಡ್ನರ್ 609 ಜನರನ್ನು ಹನ್ನೆರಡು ತಿಂಗಳು ಗಮನಿಸಿದಾಗ ಎರಡೂ ಬಗೆಯ ಆಹಾರದಲ್ಲಿ ಇಳಿದ ತೂಕ ಹೆಚ್ಚುಕಡಿಮೆ ಒಂದೇ ಆಗಿತ್ತು.

ಇನ್ನು ರಾತ್ರಿಯ ಅನ್ನ. ಬಲವಾದ ಆಕ್ಷೇಪ ಬರುವುದು ಇಲ್ಲಿ: ಅನ್ನ, ಮುದ್ದೆ ಬಿಟ್ಟ ಮೊದಲ ವಾರದಲ್ಲೇ ಎಷ್ಟೋ ಜನರಿಗೆ ಒಂದೂವರೆ, ಎರಡು ಕಿಲೋ ಇಳಿಯುತ್ತದಲ್ಲ, ತಕ್ಕಡಿ ಸುಳ್ಳು ಹೇಳುತ್ತದೆಯೇ? ತಕ್ಕಡಿ ಹೇಳುವುದು ನಿಜ, ಆದರೆ ಇಳಿದದ್ದು ಏನೆಂದು ಅದು ಹೇಳುವುದಿಲ್ಲ. ಪ್ರತಿ ಗ್ರಾಂ ಗ್ಲೈಕೋಜನ್ ತನ್ನೊಂದಿಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಪಿಷ್ಟ ಕೈಬಿಟ್ಟಾಗ 400 ಗ್ರಾಂ ಗ್ಲೈಕೋಜನ್ ಖರ್ಚಾದರೆ ನೀರೂ ಸೇರಿ 1.6 ಕಿಲೋ ಹೋಗುತ್ತದೆ. ಹಬ್ಬದ ಒಂದೆರಡು ಊಟಕ್ಕೆ ಅದರ ಬಹುಪಾಲು ತಿರುಗಿ ಬಂದಾಗ ‘ನೋಡಿ, ಅನ್ನ ಕೊಬ್ಬಾಯಿತು’ ಎನ್ನುತ್ತಾರೆ. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇದೆ. ಅಷ್ಟನ್ನು ಎರಡು ಊಟದಲ್ಲಿ ಮಿಗಿಸುವುದು ಊಟದ ಪಂಥ ಕಟ್ಟಿದವರಿಗೂ ಕಷ್ಟ. ಪಿಷ್ಟವೇ ಕೊಬ್ಬಾಗಿ ಮಾರ್ಪಡುವ ದಾರಿ ಮನುಷ್ಯರಲ್ಲಿ ಇದೆಯಾದರೂ ಸಾಮಾನ್ಯ ಊಟದಲ್ಲಿ ಅದರ ಪಾಲು ಅತಿ ಸಣ್ಣದು, ಹಲವು ದಿನ ಸತತವಾಗಿ ವಿಪರೀತ ತಿಂದರಷ್ಟೇ ದೊಡ್ಡದಾಗುತ್ತದೆ. ಹಾಗಾದರೆ ಅನ್ನದಿಂದ ದಪ್ಪವಾಗುವುದೇ ಇಲ್ಲವೇ ಎಂದರೆ, ಆಗುತ್ತದೆ, ಬೇರೆ ದಾರಿಯಲ್ಲಿ. ಪಿಷ್ಟ ಹೇರಳವಾಗಿದ್ದಾಗ ದೇಹ ಅದನ್ನೇ ಉರಿಸುತ್ತದೆ, ಜೊತೆಗೆ ಬಂದ ಎಣ್ಣೆ, ತುಪ್ಪ, ಕಾಯಿತುರಿಯ ಜಿಡ್ಡು ಉರಿಯದೆ ಉಳಿದು ಶೇಖರವಾಗುತ್ತದೆ. ಒಟ್ಟು ಮಿಗುವುದು ಎಷ್ಟೆಂಬುದೇ ಇಲ್ಲೂ ಮುಖ್ಯ, ಗಡಿಯಾರದಲ್ಲಿ ಎಂಟಾಗಿತ್ತೋ ಒಂಬತ್ತೋ ಎಂಬುದು ಅಲ್ಪ ವಿಷಯ.

ಉರಿದ ಕೊಬ್ಬು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಹೇಳಿಬಿಡಬೇಕು. ರೂಬೆನ್ ಮೀರ್ಮನ್ ಮತ್ತು ಆ್ಯಂಡ್ರೂ ಬ್ರೌನ್ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಈ ಪ್ರಶ್ನೆಯನ್ನು ವೈದ್ಯರು, ಆಹಾರತಜ್ಞರು ಮತ್ತು ವೈಯಕ್ತಿಕ ತರಬೇತುದಾರರ ಮುಂದಿಟ್ಟಿದ್ದರು. ಬಹುತೇಕರ ಉತ್ತರ, ಕೊಬ್ಬು ಶಕ್ತಿಯಾಗಿ ಮಾಯವಾಗುತ್ತದೆ ಎಂದು. ಆದರೆ ಮೀರ್ಮನ್ ಮತ್ತು ಬ್ರೌನ್ ಲೆಕ್ಕದಲ್ಲಿ 10 ಕಿಲೋ ಕೊಬ್ಬು ಉರಿದರೆ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಟುಹೋಗುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. ಪ್ಲಾಸ್ಟಿಕ್ ಅಂಗಿ ತೊಟ್ಟು ಬೆವರಿಳಿಸುವವರು ಕಳೆದುಕೊಳ್ಳುವುದು ಸಂಜೆಯೊಳಗೆ ಕುಡಿದು ಮರಳಿ ಪಡೆಯುವ ನೀರನ್ನು.

ಇಷ್ಟೆಲ್ಲ ಕೇಳಿದ ಮೇಲೆ, ಕ್ಯಾಲೊರಿ ಎಣಿಸಿದರೆ ಮುಗಿಯಿತೇ, ಏನು ತಿಂದರೂ ಒಂದೇಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಒಂದೇ ಅಲ್ಲ. ಕ್ಯಾಲೊರಿ ಕಡಿತದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಎಷ್ಟು ಕರಗುತ್ತದೆ ಎಂಬುದು ಪ್ರೋಟೀನ್ ಮತ್ತು ಭಾರ ಎತ್ತುವ ವ್ಯಾಯಾಮದ ಮೇಲೆ ನಿಂತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಾಮಾನ್ಯ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಎಂದು ನಿಗದಿ ಮಾಡಿದೆ. ಭಾರ ಎತ್ತುವವರಲ್ಲಿ ಸುಮಾರು 1.6 ಗ್ರಾಂವರೆಗೆ ಲಾಭ ಕಂಡಿದೆ. ನಾರು, ಬೇಳೆಕಾಳು ಹೆಚ್ಚಿರುವ ಊಟ ಹೊಟ್ಟೆ ತುಂಬಿಸುವುದರಿಂದ ಲೆಕ್ಕ ಪಾಲಿಸುವುದೂ ಸುಲಭ. ನಿಧಾನ ನಡಿಗೆಯನ್ನು ಬಿಡಿಸಬೇಕಾಗಿಯೂ ಇಲ್ಲ. ಮಂಡಿ ನೋವಿನವರಿಗೆ, ಹೊಸಬರಿಗೆ ಅದು ಒಳ್ಳೆಯದೇ. ವಾರಕ್ಕೆ ಆರು ದಿನ ಮಾಡಬಲ್ಲರು ಎಂಬುದೇ ಅದಕ್ಕೆ ಸಾಕಾದ ಕಾರಣ, ಬಣ್ಣದ ಪಟ್ಟಿಯ ಹಂಗು ಬೇಕಿಲ್ಲ.

ಕೊಬ್ಬು ಉರಿಸುವ ಸಾಮರ್ಥ್ಯವೇ ನಿಜಕ್ಕೂ ಲೆಕ್ಕಕ್ಕೆ ಬರುವವರು ಮ್ಯಾರಥಾನ್ ಓಟಗಾರರು, ದೂರದ ಸೈಕಲ್ ಸವಾರರು. ಅವರಿಗೆ ಚಿಕ್ಕ ಗ್ಲೈಕೋಜನ್ ಸಂಗ್ರಹವನ್ನು ಕೊನೆಯ ಕಿಲೋಮೀಟರ್‌ಗಳವರೆಗೆ ಉಳಿಸಿಕೊಳ್ಳಬೇಕು. ಮಿಕ್ಕವರಿಗೆ ಖಾಲಿ ಹೊಟ್ಟೆಯ ವ್ಯಾಯಾಮ ಅನುಕೂಲದ ಪ್ರಶ್ನೆ ಮಾತ್ರ, ಒಂದು ಗುಂಪನ್ನು ಬಿಟ್ಟು. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರು ತಿನ್ನದೆ ಬಂದು ಶ್ರಮಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ನಾಳೆಯಿಂದ ಏನೂ ತಿನ್ನದೆ ಬನ್ನಿ ಎನ್ನುವ ಮೊದಲು ತರಬೇತುದಾರ ಕೇಳಲೇಬೇಕಾದ್ದು, ಸಕ್ಕರೆ ಕಾಯಿಲೆಗೆ ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೀರಿ ಎಂದು.